ಬೆಳ್ಳಿ ಕಾಯ್ದೆ ರದ್ದಾಯಿತು, ಚಿನ್ನ ಸೋರುವುದು ನಿಲ್ಲಲಿಲ್ಲ: 1893ರ ಅಮೆರಿಕದ ಒಂದು ಪ್ರಕರಣ

ಬ್ಯಾಂಕಿಗೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ನಾನು ತಪ್ಪದೆ ಹೇಳುವ ಒಂದು ಹಳೇ ಪ್ರಕರಣ ಇದೆ. 1893ರಲ್ಲಿ ಅಮೆರಿಕ ಒಂದು ಹಣದ ಕಾಯ್ದೆಯನ್ನು ಬಿಕ್ಕಟ್ಟಿನ ನಡುವೆಯೇ ರದ್ದು ಮಾಡಿತು. ಪ್ರತಿ ಸಲ ಹೇಳುವಾಗಲೂ ಯಾರಾದರೂ ಒಬ್ಬರು "ಸರ್, ಹಾಗಾದ್ರೆ ರದ್ದು ಮಾಡಿದ್ದು ಸರಿನಾ ತಪ್ಪಾ?" ಅಂತ ಕೇಳುತ್ತಾರೆ. ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ದೇಶ ನಡೆಸಿದವರ ಹೆಸರು ಹೇಗೂ ದಾಖಲೆಯಲ್ಲಿದೆ. ತೀರಾ ಬೇಕಾದ ಕೆಲವೇ ಹೆಸರು ಬಳಸಿದ್ದೇನೆ. ಉಳಿದ ಸೆನೆಟರ್‌ಗಳು, ಡಾಕ್ಟರ್‌ಗಳು, ಗಣಿ ಮಾಲೀಕರು ಅವರವರ ಊರು, ಕೆಲಸದಿಂದ ಗೊತ್ತಾದರೆ ಸಾಕು. ಯಾರು ಅನ್ನುವುದಕ್ಕಿಂತ ಯಾವ ಹೊತ್ತಲ್ಲಿ ಏನು ತೀರ್ಮಾನ ಮಾಡಿದರು ಅನ್ನುವುದೇ ಇಲ್ಲಿ ಮುಖ್ಯ.

ಹಿನ್ನೆಲೆ

ಡಾಲರಿಗೆ ಚಿನ್ನ ಒಂದೇ ಆಧಾರ ಆಗಿರಬೇಕಾ, ಜೊತೆಗೆ ಬೆಳ್ಳಿಯೂ ಇರಬೇಕಾ? 1870ರ ದಶಕದಿಂದಲೇ ಅಮೆರಿಕದಲ್ಲಿ ಈ ಜಗಳ ನಡೆದಿತ್ತು. ಕೊಲೊರಾಡೊ, ನೆವಾಡಾ ಕಡೆ ಬೆಳ್ಳಿ ಗಣಿಗಳಿದ್ದವು, ಅಲ್ಲಿನವರಿಗೆ ಸರ್ಕಾರ ಬೆಳ್ಳಿ ಕೊಳ್ಳಬೇಕಿತ್ತು. ದಕ್ಷಿಣದ ಮತ್ತು ಬಯಲು ರಾಜ್ಯಗಳ ರೈತರ ಸಂಕಟ ಬೇರೆ. ಸಾಲ ಮಾಡಿ ಜಮೀನು ಕೊಂಡಿದ್ದರು. ಗೋಧಿ, ಹತ್ತಿ ರೇಟು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಸಾಲ ಮಾತ್ರ ಇದ್ದಷ್ಟೇ ಇತ್ತು. ಬೆಳ್ಳಿಯೂ ದುಡ್ಡಾದರೆ ಕೈಯಲ್ಲಿ ದುಡ್ಡು ಓಡಾಡುತ್ತದೆ, ಬೆಳೆಗೆ ಬೆಲೆ ಬರುತ್ತದೆ, ಸಾಲ ಹಗುರ ಆಗುತ್ತದೆ ಅನ್ನೋದು ಅವರ ಲೆಕ್ಕ. ಇದನ್ನು ದಡ್ಡತನ ಅಂತ ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬೆಳೆ ಬೆಲೆ ಬಿದ್ದ ವರ್ಷ ಬಡ್ಡಿ ಕಟ್ಟುವುದು ಎಂಥ ಕಷ್ಟ ಅಂತ ನಮ್ಮ ಕಡೆ ರೈತರ ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆ ನ್ಯೂಯಾರ್ಕಿನ ಬ್ಯಾಂಕುಗಳು, ಅಮೆರಿಕದ ರೈಲ್ವೆಗೆ ದುಡ್ಡು ಹಾಕಿದ್ದ ಯುರೋಪಿನವರು. ಇವರಿಗೆ ಚಿನ್ನ ಬಿಟ್ಟು ಬೇರೇನೂ ಬೇಡ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

1890ರ ಜುಲೈ 14ರಂದು ಶೆರ್ಮನ್ ಬೆಳ್ಳಿ ಖರೀದಿ ಕಾಯ್ದೆ ಬಂದದ್ದು ಈ ಎಳೆದಾಟದ ಮಧ್ಯೆ. ಒಹಾಯೊದ ಸೆನೆಟರ್ ಜಾನ್ ಶೆರ್ಮನ್ ಬೆಳ್ಳಿಯ ಪರ ಇದ್ದವರೇ ಅಲ್ಲ. ಯಾರು ಎಷ್ಟು ಬೆಳ್ಳಿ ತಂದರೂ ನಾಣ್ಯ ಹೊಡೆದುಕೊಡಬೇಕು ಅನ್ನುವ ಇನ್ನೂ ದೊಡ್ಡ ಬೇಡಿಕೆಯನ್ನು ತಡೆಯೋಕೆ ಈ ಅರ್ಧ ದಾರಿ ಒಪ್ಪಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕಾಯ್ದೆಯ ಪ್ರಕಾರ ಖಜಾನೆ ಪ್ರತಿ ತಿಂಗಳು 45 ಲಕ್ಷ ಔನ್ಸ್ ಬೆಳ್ಳಿ ಕೊಳ್ಳಬೇಕು. ಅಂದರೆ ತಿಂಗಳಿಗೆ ಸುಮಾರು 140 ಟನ್, ಹೆಚ್ಚುಕಡಿಮೆ ಆ ದೇಶದ ಗಣಿಗಳಿಂದ ಬರುತ್ತಿದ್ದ ಬೆಳ್ಳಿ ಅಷ್ಟೂ. ಅದಕ್ಕೆ ಹೊಸ ಖಜಾನೆ ನೋಟು ಅಚ್ಚು ಹಾಕಿ ಕೊಡಬೇಕು.

ಆ ನೋಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ಮೇಲೆ ಇದ್ದ ಮಾತು ಇಷ್ಟೇ: ತಂದವರಿಗೆ ಅಮೆರಿಕ ಸರ್ಕಾರ ಇಷ್ಟು ಡಾಲರನ್ನು ನಾಣ್ಯದಲ್ಲಿ ಕೊಡುತ್ತದೆ. ಚಿನ್ನದ ನಾಣ್ಯವಾ, ಬೆಳ್ಳಿ ನಾಣ್ಯವಾ? ನೋಟಿನ ಮೇಲೆ ಇಲ್ಲ. ಕಾಯ್ದೆ ಅದನ್ನು ಖಜಾನೆ ಕಾರ್ಯದರ್ಶಿಯ, ಅಂದರೆ ಅಲ್ಲಿನ ಹಣಕಾಸು ಮಂತ್ರಿಯ, ಇಷ್ಟಕ್ಕೆ ಬಿಟ್ಟಿತ್ತು, ಜೊತೆಗೆ ಎರಡೂ ಲೋಹಗಳ ಬೆಲೆ ಸರಿಸಮ ಇರುವಂತೆ ನೋಡಿಕೊಳ್ಳುವುದೇ ನಮ್ಮ ನೀತಿ ಅಂತ ಒಂದು ಸಾಲು ಸೇರಿಸಿತ್ತು. ಕಾಯ್ದೆ ಪಾಸಾಗೋಕೆ ಇದು ಅನುಕೂಲ ಆಯಿತು. ಗಣಿಯವನು ಓದಿದರೆ ಅವನಿಗೆ ಬೇಕಾದ್ದು ಕಂಡಿತು, ಬ್ಯಾಂಕಿನವನು ಓದಿದರೆ ಅವನಿಗೆ ಬೇಕಾದ್ದು ಕಂಡಿತು. ಮೂರು ವರ್ಷ ಆದಮೇಲೆ ಇದೇ ಮಾತು ಕುತ್ತಿಗೆಗೆ ಬಂತು.

ಸಮಸ್ಯೆ

ಚಿನ್ನಕ್ಕೂ ಬೆಳ್ಳಿಗೂ ಕಾನೂನಿನ ಲೆಕ್ಕ 1ಕ್ಕೆ 16, ಅಂದರೆ 1 ಔನ್ಸ್ ಚಿನ್ನ 16 ಔನ್ಸ್ ಬೆಳ್ಳಿಗೆ ಸಮ. ಮಾರುಕಟ್ಟೆಯಲ್ಲಿ ಬೆಳ್ಳಿ ಅದಕ್ಕಿಂತ ಎಷ್ಟೋ ಅಗ್ಗ, ದಿನ ಹೋದಂತೆ ಇನ್ನೂ ಅಗ್ಗ. ಹಾಗಿರುವಾಗ ನೋಟು ಹಿಡಿದವನು ಏನು ಕೇಳುತ್ತಾನೆ? ಚಿನ್ನ ಕೇಳುತ್ತಾನೆ. ಬೆಳ್ಳಿ ಕೊಟ್ಟರೆ ಎರಡೂ ಸಮ ಅನ್ನುವ ಮಾತು ಆ ಕ್ಷಣಕ್ಕೇ ಸುಳ್ಳಾಗುತ್ತದೆ ಅಂತ ಖಜಾನೆ ಚಿನ್ನವನ್ನೇ ಕೊಡುತ್ತಾ ಬಂತು. ಹೀಗೆ ಬೆಳ್ಳಿ ಒಳಗೆ ಬರುವುದು, ಚಿನ್ನ ಹೊರಗೆ ಹೋಗುವುದು.

ಆದರೆ ಚಿನ್ನ ಹೋಗೋಕೆ ಬೆಳ್ಳಿ ಒಂದೇ ಕಾರಣ ಅಲ್ಲ. ಇದನ್ನು ಮರೆತರೆ ಪ್ರಕರಣವೇ ಅರ್ಥ ಆಗಲ್ಲ. 1890ರಲ್ಲಿ ಲಂಡನ್ನಿನ ಬೇರಿಂಗ್ ಬ್ಯಾಂಕ್ ಮುಳುಗುವ ಹಂತಕ್ಕೆ ಬಂದಿತ್ತು, ಆಮೇಲೆ ಯುರೋಪಿನವರು ಹೊರದೇಶಗಳಲ್ಲಿ ಹಾಕಿದ್ದ ದುಡ್ಡು ವಾಪಸ್ ಎಳೆದುಕೊಳ್ಳುತ್ತಿದ್ದರು. ಅದೇ ವರ್ಷ ಅಮೆರಿಕ ಸಂಸತ್ತು ಆಮದು ಸುಂಕ ಬದಲಾಯಿಸಿ, ಯೋಧರ ಪಿಂಚಣಿ ಹೆಚ್ಚಿಸಿ, ಖಜಾನೆಯ ಉಳಿತಾಯವನ್ನೆಲ್ಲ ಕರಗಿಸುವ ದಾರಿ ಹಿಡಿದಿತ್ತು. ರೈಲ್ವೆ ಕಂಪನಿಗಳು ಸಾಲದ ಮೇಲೆ ಸಾಲ ಮಾಡಿ ಹಳಿ ಹಾಕಿದ್ದವು. 1893ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಆ್ಯಂಡ್ ರೀಡಿಂಗ್ ರೈಲ್ವೆ ದಿವಾಳಿ ಆಯಿತು.

ಮಾರ್ಚ್ 4ಕ್ಕೆ ಗ್ರೋವರ್ ಕ್ಲೀವ್‌ಲ್ಯಾಂಡ್ ಅಧ್ಯಕ್ಷರಾಗಿ ಬಂದರು. ಡೆಮಾಕ್ರಟಿಕ್ ಪಕ್ಷ, ಆದರೆ ಚಿನ್ನದ ಕಟ್ಟಾ ಪರ. ಅವರದೇ ಪಕ್ಷದ ಅರ್ಧ ಜನ ಬೆಳ್ಳಿಯ ಕಡೆ. ಖಜಾನೆಯ ಚಿನ್ನ 10 ಕೋಟಿ ಡಾಲರಿಗಿಂತ ಕೆಳಗೆ ಇಳಿಯಬಾರದು ಅಂತ ಒಂದು ಗೆರೆ ಎಲ್ಲರ ಮನಸ್ಸಲ್ಲೂ ಇತ್ತು. ಏಪ್ರಿಲ್‌ನಲ್ಲಿ ಆ ಗೆರೆ ದಾಟಿತು.

ಮೊದಲ ತಿರುವು ಇಲ್ಲಿ. ಅದೇ ವಾರ ಖಜಾನೆ ಕಾರ್ಯದರ್ಶಿ ಕಾರ್ಲೈಲ್ ಒಂದು ಹೇಳಿಕೆ ಕೊಟ್ಟರು. ಕಾನೂನಿನ ಪ್ರಕಾರ ಬಳಸಬಹುದಾದ ಚಿನ್ನ ಇರುವ ತನಕ 1890ರ ನೋಟುಗಳಿಗೆ ಚಿನ್ನ ಕೊಡುತ್ತೇವೆ ಅಂತ. ಧೈರ್ಯ ಹೇಳೋಕೆ ಹೋಗಿದ್ದರು. ಜನ ಹಿಡಿದುಕೊಂಡದ್ದು "ಇರುವ ತನಕ" ಅನ್ನುವುದನ್ನು ಮಾತ್ರ. ಹಾಗಾದರೆ ಮುಗಿದ ಮೇಲೆ? ಕ್ಲೀವ್‌ಲ್ಯಾಂಡ್ ಕೆಲವೇ ದಿನಗಳಲ್ಲಿ ಚಿನ್ನದಲ್ಲೇ ಕೊಡುತ್ತೇವೆ ಅಂತ ಖಚಿತವಾಗಿ ಹೇಳಬೇಕಾಯಿತು. ಅಷ್ಟರಲ್ಲಿ ಅನುಮಾನದ ಬೀಜ ಬಿದ್ದಾಗಿತ್ತು. ಕೌಂಟರಿನಲ್ಲಿ ಕೂತು ಕೆಲಸ ಮಾಡಿದವರಿಗೆ ಇದು ಗೊತ್ತು, ಠೇವಣಿದಾರ ನಿಮ್ಮ ಮಾತಲ್ಲಿ ಇರುವ ಷರತ್ತನ್ನು ಮೊದಲು ಕೇಳಿಸಿಕೊಳ್ಳುತ್ತಾನೆ, ಭರವಸೆಯನ್ನು ಆಮೇಲೆ.

ಮೇ ಮೊದಲ ವಾರ ನ್ಯಾಷನಲ್ ಕಾರ್ಡೇಜ್ ಅನ್ನುವ ದೊಡ್ಡ ಹಗ್ಗದ ಕಂಪನಿ ಬಿತ್ತು, ಅದರ ಜೊತೆ ಷೇರು ಮಾರುಕಟ್ಟೆಯೂ ಬಿತ್ತು. ಬ್ಯಾಂಕುಗಳ ಮುಂದೆ ಸಾಲು ಶುರುವಾಯಿತು.

ಏಟು ಬಿದ್ದದ್ದು ನಮ್ಮ ಕಡೆಯಿಂದ

ಜೂನ್ 26, 1893. ಬ್ರಿಟಿಷ್ ಇಂಡಿಯಾ ಸರ್ಕಾರ ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆಗಳ ಬಾಗಿಲನ್ನು ಬೆಳ್ಳಿಗೆ ಮುಚ್ಚಿತು. ಅಲ್ಲಿಯ ತನಕ ಯಾರು ಬೇಕಾದರೂ ಬೆಳ್ಳಿ ಗಟ್ಟಿ ಕೊಟ್ಟು, ಸ್ವಲ್ಪ ಖರ್ಚು ಕಳೆದು, ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಇಂಡಿಯಾ ಸರ್ಕಾರ ಲಂಡನ್ನಿಗೆ ಪ್ರತಿ ವರ್ಷ ಚಿನ್ನದ ಲೆಕ್ಕದಲ್ಲಿ ದುಡ್ಡು ಕಟ್ಟಬೇಕಿತ್ತು. ಬೆಳ್ಳಿ ಇಳಿದಂತೆ ರೂಪಾಯಿಯೂ ಇಳಿದು ಆ ಹೊರೆ ಬೆಳೆಯುತ್ತಾ ಹೋಗಿತ್ತು. ಇದನ್ನು ವಿಚಾರಿಸಿದ ಹರ್ಷೆಲ್ ಸಮಿತಿಯ ತಲೆಯಲ್ಲಿ ಇನ್ನೊಂದು ಭಯವೂ ಇತ್ತು: ನಾಳೆ ಅಮೆರಿಕ ತನ್ನ ಬೆಳ್ಳಿ ಖರೀದಿ ನಿಲ್ಲಿಸಿಬಿಟ್ಟರೆ?

ಅಮೆರಿಕ ನಿಲ್ಲಿಸಿದರೆ ಅಂತ ಇಂಡಿಯಾ ಹೆದರಿತು. ಇಂಡಿಯಾ ನಿಲ್ಲಿಸಿದ್ದು ನೋಡಿ ಅಮೆರಿಕ ಹೆದರಿತು. ನ್ಯೂಯಾರ್ಕಿನಲ್ಲಿ ಔನ್ಸಿಗೆ 83 ಸೆಂಟ್ ಆಸುಪಾಸು ಇದ್ದ ಬೆಳ್ಳಿ ನಾಲ್ಕೇ ದಿನದಲ್ಲಿ 62ಕ್ಕೆ ಬಂತು. ಈ ರೇಟಿಗೆ ಲೆಕ್ಕ ಹಾಕಿದರೆ ಒಂದು ಬೆಳ್ಳಿ ಡಾಲರ್ ನಾಣ್ಯದಲ್ಲಿದ್ದ ಬೆಳ್ಳಿಯ ಬೆಲೆ 50 ಸೆಂಟ್ ಕೂಡ ಇಲ್ಲ. ಕೊಲೊರಾಡೊದ ಗಣಿ ಮಾಲೀಕರು ಡೆನ್ವರ್‌ನಲ್ಲಿ ಸೇರಿ ಗಣಿ, ಕುಲುಮೆ ಎಲ್ಲ ಮುಚ್ಚುವುದಾಗಿ ಹೇಳಿದರು. ಆ ಜುಲೈನಲ್ಲಿ ಮೂರು ದಿನದ ಒಳಗೆ ಡೆನ್ವರ್ ಒಂದೇ ಊರಲ್ಲಿ 12 ಬ್ಯಾಂಕ್ ಬಾಗಿಲು ಹಾಕಿದವು. ಬೆಟ್ಟದ ಮೇಲಿನ ಗಣಿ ಊರುಗಳಿಂದ ಕೆಲಸ ಕಳೆದುಕೊಂಡವರು ಗಂಟುಮೂಟೆ ಕಟ್ಟಿಕೊಂಡು ಡೆನ್ವರ್‌ಗೆ ಇಳಿದರು. ಅಲ್ಲಿ ನದಿ ಪಕ್ಕದ ಪಾರ್ಕಿನಲ್ಲಿ ಅವರಿಗೆ ಡೇರೆ ಹಾಕಿಕೊಟ್ಟರು, ಕೊನೆಗೆ ಊರು ಬಿಟ್ಟು ಹೋಗಲಿ ಅಂತ ಅಗ್ಗದ ರೈಲು ಟಿಕೆಟ್ ಕೊಟ್ಟು ಪೂರ್ವಕ್ಕೆ ಕಳಿಸಿದರು. ಕಾಯ್ದೆ ಇನ್ನೂ ರದ್ದಾಗಿರಲಿಲ್ಲ ಅನ್ನುವುದನ್ನು ಗಮನಿಸಿ. ಇದು ಅದಕ್ಕೂ ಮುಂಚಿನ ಮಾತು.

ಏನು ಮಾಡಿದರು

ಜೂನ್ 30ರಂದು ಕ್ಲೀವ್‌ಲ್ಯಾಂಡ್ ಆಗಸ್ಟ್ 7ಕ್ಕೆ ವಿಶೇಷ ಅಧಿವೇಶನ ಕರೆದರು. ಅಜೆಂಡಾ ಒಂದೇ, ಬೆಳ್ಳಿ ಖರೀದಿಯ ಕಲಮು ರದ್ದು.

ಅದೇ ಸಂಜೆ ಅವರು ವಾಷಿಂಗ್ಟನ್ ಬಿಟ್ಟು ನ್ಯೂಯಾರ್ಕಿಗೆ ಹೋಗಿ, ಗೆಳೆಯರೊಬ್ಬರ ವಿಹಾರ ಹಡಗು ಒನೈಡಾ ಹತ್ತಿದರು. ರಜೆ ಅಂತ ಹೊರಗಡೆ ಸುದ್ದಿ. ಅವರ ಬಾಯಿಯ ಮೇಲ್ಭಾಗದಲ್ಲಿ ಗಡ್ಡೆ ಬೆಳೆದಿತ್ತು. ಜುಲೈ 1ರಂದು, ಹಡಗು ನೀರಿನ ಮೇಲೆ ಸಾಗುತ್ತಿರುವಾಗಲೇ, ಡಾಕ್ಟರ್‌ಗಳು ಮೇಲಿನ ದವಡೆಯ ಎಡಭಾಗವನ್ನು ಬಹಳಷ್ಟು ತೆಗೆದರು. ಆಮೇಲೆ ಆ ಜಾಗಕ್ಕೆ ರಬ್ಬರಿನ ದವಡೆ ಕೂರಿಸಿದರು. ಹೊರಗೆ ಹೇಳಿದ್ದು ಹಲ್ಲುನೋವು, ಸಂಧಿವಾತ. ಆಗಸ್ಟ್ ಕೊನೆಯಲ್ಲಿ ಒಬ್ಬ ಪತ್ರಕರ್ತ ಇದನ್ನು ಹೆಚ್ಚುಕಡಿಮೆ ಸರಿಯಾಗಿಯೇ ಬರೆದ. ಅವನನ್ನೇ ಸುಳ್ಳುಗಾರ ಅಂದರು. ಪೂರ್ತಿ ವಿಷಯ ಹೊರಬಂದದ್ದು 1917ರಲ್ಲಿ, ಆಪರೇಷನ್ ಮಾಡಿದವರಲ್ಲಿ ಒಬ್ಬ ಡಾಕ್ಟರ್ ಬರೆದಾಗ.

ಇಷ್ಟು ಗುಟ್ಟು ಯಾಕೆ? ಉಪಾಧ್ಯಕ್ಷ ಆಡ್ಲೈ ಸ್ಟೀವನ್ಸನ್ ಬೆಳ್ಳಿಯ ಕಡೆಯವರು. ಅಧ್ಯಕ್ಷರಿಗೆ ಏನಾದರೂ ಆದರೆ ಡಾಲರಿನ ದಾರಿಯೇ ಬದಲಾಗುತ್ತದೆ ಅಂತ ಮಾರುಕಟ್ಟೆ ಆ ಕ್ಷಣವೇ ಲೆಕ್ಕ ಹಾಕುತ್ತಿತ್ತು. ಈ ಸುಳ್ಳನ್ನು ನಾನು ಸಮರ್ಥಿಸುವುದಿಲ್ಲ, ಸತ್ಯ ಬರೆದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು. ಆದರೂ ಒಂದು ದೇಶದ ಹಣದ ಮೇಲಿನ ನಂಬಿಕೆ ಒಬ್ಬ ವ್ಯಕ್ತಿಯ ಬಾಯಿಯೊಳಗಿನ ಹುಣ್ಣಿಗೆ ತೂಗುಬಿದ್ದಿತ್ತು ಅಂದರೆ ಪರಿಸ್ಥಿತಿ ಎಷ್ಟು ನಾಜೂಕಾಗಿತ್ತು ಅಂತ ಗೊತ್ತಾಗುತ್ತದೆ.

ಆಗಸ್ಟ್ 8ರ ಸಂದೇಶದಲ್ಲಿ ಕ್ಲೀವ್‌ಲ್ಯಾಂಡ್ ಇಷ್ಟೆಲ್ಲ ಅನಾಹುತಕ್ಕೆ ಮುಖ್ಯವಾಗಿ ಬೆಳ್ಳಿ ಕಾಯ್ದೆಯೇ ಕಾರಣ ಅಂದರು. ಕೆಳಮನೆಯಲ್ಲಿ ಎರಡು ವಾರಕ್ಕೂ ಜಾಸ್ತಿ ಚರ್ಚೆ ನಡೆಯಿತು. ನೆಬ್ರಾಸ್ಕಾದ ಯುವ ಸದಸ್ಯ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ರೈತರ ಪರವಾಗಿ ಗಂಟೆಗಟ್ಟಲೆ ಮಾತಾಡಿದರು. ಆಗಸ್ಟ್ 28ರಂದು 239ಕ್ಕೆ 108 ಮತಗಳಿಂದ ರದ್ದು ಮಸೂದೆ ಪಾಸಾಯಿತು.

ಅದೇ ಆಗಸ್ಟ್‌ನಲ್ಲಿ ಹೊರಗೆ ಏನಾಗುತ್ತಿತ್ತು? ಬ್ಯಾಂಕುಗಳಲ್ಲಿ ದುಡ್ಡಿದ್ದವರಿಗೂ ನಗದು ಸಿಗುತ್ತಿರಲಿಲ್ಲ. ಚೆಕ್ ಆದರೆ ಕೊಡುತ್ತಾರೆ, ನೋಟು ಕೇಳಿದರೆ ಇಲ್ಲ ಅನ್ನುತ್ತಾರೆ. ಕಾರ್ಖಾನೆಯವರಿಗೆ ಶನಿವಾರ ಸಂಬಳ ಬಟವಾಡೆ ಮಾಡಬೇಕು, ನೋಟು ಎಲ್ಲಿಂದ ತರೋದು? ನ್ಯೂಯಾರ್ಕಿನಲ್ಲಿ ನಗದನ್ನೇ ಮಾರುವ ದಲ್ಲಾಳಿಗಳು ಹುಟ್ಟಿಕೊಂಡರು. 100 ಡಾಲರ್ ನೋಟಿಗೆ 102, 103, ಒಮ್ಮೊಮ್ಮೆ 104 ಡಾಲರಿನ ಚೆಕ್. ಎಷ್ಟೋ ಊರುಗಳಲ್ಲಿ ಬ್ಯಾಂಕುಗಳು ಸೇರಿ ಕ್ಲಿಯರಿಂಗ್ ಹೌಸ್ (ಬ್ಯಾಂಕುಗಳು ತಮ್ಮ ನಡುವಿನ ಚೆಕ್ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಸಂಸ್ಥೆ) ಹೆಸರಲ್ಲಿ ಚೀಟಿ ಅಚ್ಚು ಹಾಕಿಸಿದವು, ಅಂಗಡಿಯವರು ಅದನ್ನೇ ದುಡ್ಡು ಅಂತ ತಗೊಂಡರು. ಕಾನೂನಿನಲ್ಲಿ ಇಂಥ ಚೀಟಿಗೆ ಜಾಗ ಇರಲಿಲ್ಲ, ಯಾರೂ ಕೇಸು ಹಾಕಲೂ ಇಲ್ಲ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ವಾಷಿಂಗ್ಟನ್‌ನಲ್ಲಿ ಭಾಷಣ ನಡೆಯುತ್ತಿದ್ದಾಗ ಊರೂರಿನ ಬ್ಯಾಂಕಿನವರು, ಅಂಗಡಿಯವರು, ಒಬ್ಬರನ್ನೊಬ್ಬರು ನಂಬಿ ದಿನ ದೂಡಿದರು. ನಗದಿಗೆ ಅಷ್ಟು ಬೆಲೆ ಬಂದಿದ್ದಕ್ಕೆ ಯುರೋಪಿನಿಂದ ಹಡಗಿನಲ್ಲಿ ಚಿನ್ನವೂ ಬಂತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ನಗದಿನ ಮೇಲಿನ ವಟ್ಟ ಹೋಗಿ, ಬ್ಯಾಂಕುಗಳ ಗಾಬರಿ ಇಳಿದಿತ್ತು.

ರದ್ದು ಕಾಯ್ದೆ ಆಗ ಇನ್ನೂ ಸೆನೆಟ್ಟಿನಲ್ಲೇ ಇತ್ತು.

ಸೆನೆಟ್ಟಿನಲ್ಲಿ ಚರ್ಚೆ ಮುಗಿಸಿ ಅಂತ ಹೇಳುವ ನಿಯಮವೇ ಆಗ ಇರಲಿಲ್ಲ. ಬೆಳ್ಳಿ ರಾಜ್ಯಗಳ ಸೆನೆಟರ್‌ಗಳು ಸರದಿ ಮೇಲೆ ಮಾತಾಡಿದರು. ನೆವಾಡಾದ ಇಬ್ಬರು ದಿನಗಟ್ಟಲೆ ಮಾತಾಡಿದರು. ಅಕ್ಟೋಬರ್‌ನಲ್ಲಿ ನೆಬ್ರಾಸ್ಕಾದ ಒಬ್ಬರು ಹದಿನಾಲ್ಕು ಗಂಟೆಗೂ ಜಾಸ್ತಿ ಎಡೆಬಿಡದೆ ಮಾತಾಡಿದರು. ಸರ್ಕಾರಿ ಹುದ್ದೆಗಳ ನೇಮಕ ಕ್ಲೀವ್‌ಲ್ಯಾಂಡ್ ಕೈಯಲ್ಲಿತ್ತು, ಅದನ್ನೇ ಅಸ್ತ್ರ ಮಾಡಿಕೊಂಡರು. ಬೇಸತ್ತ ಡೆಮಾಕ್ರಟಿಕ್ ಸೆನೆಟರ್‌ಗಳಲ್ಲಿ ಹೆಚ್ಚಿನವರು ಸೇರಿ ಒಂದು ರಾಜಿ ಸೂತ್ರ ತಂದರು: ಖರೀದಿ ಇನ್ನೂ ಕೆಲವು ತಿಂಗಳು ನಡೆಯಲಿ, ಆಮೇಲೆ ನಿಲ್ಲಿಸೋಣ.

ಕ್ಲೀವ್‌ಲ್ಯಾಂಡ್ ಒಪ್ಪಲಿಲ್ಲ. ಪೂರ್ತಿ ರದ್ದು, ಬೇರೆ ಷರತ್ತು ಇಲ್ಲ.

ಇದು ಎರಡನೇ ತಿರುವು. ತರಬೇತಿಯಲ್ಲಿ ಇಲ್ಲಿಗೆ ಬಂದಾಗ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತೇನೆ. ಜಾಸ್ತಿ ಜನ ರಾಜಿ ಅನ್ನುತ್ತಾರೆ, ಗಣಿ ಕಾರ್ಮಿಕರಿಗೆ ಉಸಿರಾಡೋಕೆ ಸ್ವಲ್ಪ ಸಮಯ ಸಿಗುತ್ತಿತ್ತು ಅಂತ. ಅವರ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ನನ್ನ ಪ್ರಕಾರ ಇಲ್ಲಿ ಕ್ಲೀವ್‌ಲ್ಯಾಂಡ್ ಸರಿ. ಸರ್ಕಾರದ ಮಾತಿನ ಮೇಲೆ ಅನುಮಾನ ಬಂದು ಚಿನ್ನ ಸೋರುತ್ತಿರುವಾಗ, ಇನ್ನೂ ಕೆಲವು ತಿಂಗಳು ಇದನ್ನೇ ಮಾಡುತ್ತೇವೆ ಅಂದರೆ ಅನುಮಾನಕ್ಕೆ ಗಡುವು ಕೊಟ್ಟ ಹಾಗೆ. ಗಣಿಯವರಿಗೆ ನೆರವು ಬೇಕಿತ್ತು, ಅದನ್ನು ಬೆಳ್ಳಿ ಕೊಂಡು ಕೊಡಬೇಕಾಗಿರಲಿಲ್ಲ, ನೇರವಾಗಿ ಕೊಡಬಹುದಿತ್ತು. ಅದನ್ನು ಆ ಅಧಿವೇಶನದಲ್ಲಿ ಯಾರೂ ಮಾಡಲಿಲ್ಲ.

ಅಕ್ಟೋಬರ್ 30ರಂದು ಸೆನೆಟ್ಟಿನಲ್ಲಿ 11 ಮತಗಳ ಅಂತರದಲ್ಲಿ ಪಾಸಾಯಿತು. ಪರವಾಗಿ ಮತ ಹಾಕಿದವರಲ್ಲಿ ಜಾನ್ ಶೆರ್ಮನ್ ಕೂಡ ಒಬ್ಬರು. ನವೆಂಬರ್ 1ಕ್ಕೆ ಕ್ಲೀವ್‌ಲ್ಯಾಂಡ್ ಸಹಿ ಹಾಕಿದರು.

ಏನಾಯಿತು

ಹುತ್ತ ಬಡಿದರೆ ಹಾವು ಸಾಯುತ್ತದಾ? ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, 1894ರ ಜನವರಿಯಲ್ಲಿ, ಖಜಾನೆಯ ಚಿನ್ನ 7 ಕೋಟಿ ಡಾಲರಿಗಿಂತ ಕೆಳಗಿತ್ತು.

ಯಾಕೆ ಅಂತ ನೋಡಿ. ಮೂರು ವರ್ಷದಲ್ಲಿ ಸರ್ಕಾರ ಸುಮಾರು 16.9 ಕೋಟಿ ಔನ್ಸ್ ಬೆಳ್ಳಿ ಕೊಂಡು, ಸುಮಾರು 15.6 ಕೋಟಿ ಡಾಲರಿನ ನೋಟು ಹೊರಗೆ ಬಿಟ್ಟಿತ್ತು. ಕಾಯ್ದೆ ರದ್ದಾದದ್ದರಿಂದ ಹೊಸ ನೋಟು ನಿಂತಿತು, ಹಳೇ ನೋಟು ಜನರ ಕೈಯಲ್ಲೇ ಇತ್ತು. ಅದರ ಮೇಲೆ ಅಂತರ್ಯುದ್ಧದ ಕಾಲದ ಗ್ರೀನ್‌ಬ್ಯಾಕ್ ನೋಟುಗಳು ಸುಮಾರು 34.6 ಕೋಟಿ ಡಾಲರಿನಷ್ಟು. 1878ರ ಒಂದು ಕಾಯ್ದೆ ಪ್ರಕಾರ ಚಿನ್ನ ಕೊಟ್ಟು ವಾಪಸ್ ಪಡೆದ ಗ್ರೀನ್‌ಬ್ಯಾಕನ್ನು ಹರಿದು ಹಾಕುವ ಹಾಗಿಲ್ಲ, ಮತ್ತೆ ಖರ್ಚಿಗೆ ಬಿಡಲೇಬೇಕು. ಅದು ಹೊರಗೆ ಹೋಗಿ ಮತ್ತೆ ಬಾಗಿಲಿಗೆ ಬಂದು ಮತ್ತೆ ಚಿನ್ನ ತಗೊಂಡು ಹೋಗುತ್ತದೆ. ಒಂದೇ ನೋಟು ಎಷ್ಟು ಸಲ ಬೇಕಾದರೂ.

ಸರ್ಕಾರ ಬಾಂಡ್ ಮಾರಿ ಚಿನ್ನ ತರಲು ನೋಡಿತು. ಜನವರಿಯಲ್ಲಿ 5 ಕೋಟಿ, ನವೆಂಬರ್‌ನಲ್ಲಿ ಮತ್ತೆ 5 ಕೋಟಿ. ಬಾಂಡ್ ಕೊಳ್ಳುವವರಲ್ಲಿ ಎಷ್ಟೋ ಜನ ಮಾಡಿದ್ದೇನು ಗೊತ್ತಾ? ಖಜಾನೆಗೆ ಹೋಗಿ ನೋಟು ಕೊಟ್ಟು ಚಿನ್ನ ತಗೊಂಡು, ಅದೇ ಚಿನ್ನವನ್ನು ಬಾಂಡಿಗೆ ಅಂತ ಖಜಾನೆಗೇ ಕಟ್ಟಿದರು. ಸರ್ಕಾರ ತನ್ನ ಚಿನ್ನವನ್ನು ತಾನೇ ಬಡ್ಡಿಗೆ ತಗೊಂಡ ಹಾಗಾಯಿತು. 1895ರ ಫೆಬ್ರವರಿಗೆ ಮೀಸಲು 4 ಕೋಟಿ ಡಾಲರ್ ಆಸುಪಾಸಿಗೆ ಬಂದಾಗ ನ್ಯೂಯಾರ್ಕಿನ ದೊಡ್ಡ ಬ್ಯಾಂಕರ್ ಜೆ. ಪಿ. ಮಾರ್ಗನ್ ಮತ್ತು ಜೊತೆಗಾರರ ಗುಂಪಿನ ಜೊತೆ ಕ್ಲೀವ್‌ಲ್ಯಾಂಡ್ ಒಪ್ಪಂದ ಮಾಡಿಕೊಳ್ಳಬೇಕಾಯಿತು: ಸುಮಾರು 35 ಲಕ್ಷ ಔನ್ಸ್ ಚಿನ್ನ, ಅದರಲ್ಲಿ ಅರ್ಧದಷ್ಟು ಯುರೋಪಿನಿಂದ. ರೈತರ ಕಣ್ಣಿಗೆ ಅಧ್ಯಕ್ಷರು ವಾಲ್ ಸ್ಟ್ರೀಟಿಗೆ ಕೈಯೊಡ್ಡಿ ನಿಂತ ಹಾಗೆ ಕಂಡಿತು.

ಅಷ್ಟರಲ್ಲಿ ಸುಮಾರು 500 ಬ್ಯಾಂಕುಗಳು, 15,000 ವ್ಯಾಪಾರ ಸಂಸ್ಥೆಗಳು ಮುಳುಗಿದ್ದವು. ಯೂನಿಯನ್ ಪೆಸಿಫಿಕ್, ನಾರ್ದರ್ನ್ ಪೆಸಿಫಿಕ್‌ನಂಥ ದೊಡ್ಡ ರೈಲ್ವೆಗಳೂ ದಿವಾಳಿ. ಕೆಲಸ ಇಲ್ಲದವರು 1894ರಲ್ಲಿ ವಾಷಿಂಗ್ಟನ್ ತನಕ ಕಾಲ್ನಡಿಗೆಯಲ್ಲಿ ಹೋದರು. ಆ ವರ್ಷದ ಚುನಾವಣೆಯಲ್ಲಿ ಕ್ಲೀವ್‌ಲ್ಯಾಂಡ್ ಪಕ್ಷ ಕೆಳಮನೆಯಲ್ಲಿ ನೂರಕ್ಕೂ ಜಾಸ್ತಿ ಸ್ಥಾನ ಕಳೆದುಕೊಂಡಿತು. 1896ರಲ್ಲಿ ಅದೇ ಪಕ್ಷ ಬ್ರಯನ್ ಅವರನ್ನು ಬೆಳ್ಳಿಯ ಅಭ್ಯರ್ಥಿ ಮಾಡಿ ನಿಲ್ಲಿಸಿತು, ಸೋತಿತು.

ಚಿನ್ನ ಸೋರುವುದು ನಿಜವಾಗಿ ನಿಂತದ್ದು 1896ರಿಂದ ಈಚೆಗೆ. ಯುರೋಪಿನಲ್ಲಿ ಬೆಳೆ ಕೈಕೊಟ್ಟು ಅಮೆರಿಕದ ಗೋಧಿ ಮಾರಾಟವಾಯಿತು. ದಕ್ಷಿಣ ಆಫ್ರಿಕಾದಲ್ಲಿ, ಕೆನಡಾದ ಕ್ಲಾಂಡೈಕ್‌ನಲ್ಲಿ, ನಮ್ಮ ಕೋಲಾರದಲ್ಲೂ ನೆಲದಿಂದ ಹೊಸ ಚಿನ್ನ ಮೇಲೆ ಬಂತು. ದುಡ್ಡು ಜಾಸ್ತಿ ಓಡಾಡಬೇಕು ಅಂತ ರೈತರು ಬೆಳ್ಳಿಯಿಂದ ಬಯಸಿದ್ದನ್ನು ಚಿನ್ನವೇ ಕೊಟ್ಟಿತು.

ಇದರಿಂದ ನಾನು ಕಲಿತದ್ದು

ರದ್ದು ಮಾಡಿದ್ದು ಸರಿ. ಮದ್ದು ಅಂತ ಅದೊಂದನ್ನೇ ನಂಬಿದ್ದು ತಪ್ಪು. ಕಾಯ್ದೆ ತೆಗೆದರೆ ಮುಂದೆ ಹುಟ್ಟುವ ಹೊಣೆ ನಿಲ್ಲುತ್ತದೆ, ಹಿಂದೆ ಹುಟ್ಟಿದ್ದು ಹಾಗೇ ಇರುತ್ತದೆ. ಆಗಸ್ಟ್‌ನಲ್ಲಿ ಕೆಳಮನೆ ಕ್ಲೀವ್‌ಲ್ಯಾಂಡ್ ಹಿಂದೆ ನಿಂತಿದ್ದಾಗಲೇ ಅವರು ಇನ್ನೆರಡು ಕೇಳಬೇಕಿತ್ತು. 1878ರ ಆ ಮರುಬಿಡುಗಡೆ ನಿಯಮ ತೆಗೆಯಿರಿ, ಖಜಾನೆಯ ಆದಾಯ ಸರಿಮಾಡಿ ಅಂತ. ಒಂದೇ ಅಂಶ ಇದ್ದರೆ ಗೆಲ್ಲೋದು ಸುಲಭ ಅಂತ ಒಂದನ್ನೇ ಹಿಡಿದರು. ಗೆದ್ದ ಮೇಲೆ ಪಕ್ಷ ಎರಡು ಹೋಳಾಗಿತ್ತು, ಇನ್ನೊಂದು ಕೇಳುವ ಶಕ್ತಿ ಉಳಿದಿರಲಿಲ್ಲ. ನಾವು ಒಂದು ಕೆಟ್ಟ ಸಾಲದ ಯೋಜನೆ ನಿಲ್ಲಿಸಿದಾಗಲೂ ಇದೇ ಆಗುತ್ತದೆ, ಅಲ್ವಾ? ಯೋಜನೆ ನಿಂತಿತು ಅಂತ ಫೈಲ್ ಮುಚ್ಚುತ್ತೇವೆ, ಆಗಲೇ ಕೊಟ್ಟ ಸಾಲದ ಪಟ್ಟಿ ತೆಗೆದು ನೋಡುವುದಿಲ್ಲ.

ಆ "ನಾಣ್ಯ" ಅನ್ನುವ ಮಾತಿನ ಬಗ್ಗೆಯೂ ನಾನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಒಪ್ಪಂದ ಬೇಗ ಆಗಲಿ ಅಂತ ಎರಡು ಅರ್ಥ ಬರುವ ಮಾತು ಬರೆಯಬೇಡಿ. ದುಡ್ಡು ಸಲೀಸಾಗಿ ಓಡಾಡುವಾಗ ಅದನ್ನು ಯಾರೂ ಓದುವುದಿಲ್ಲ, ಕಷ್ಟ ಬಂದ ದಿನ ಎಲ್ಲರೂ ಅದನ್ನೇ ಓದುತ್ತಾರೆ.

ಆ ಬೆಳ್ಳಿ ಏನಾಯಿತು ಅಂತಲೂ ಕೇಳುತ್ತಾರೆ. ಬಹುಪಾಲು ಸರ್ಕಾರದ ನೆಲಮಾಳಿಗೆಗಳಲ್ಲಿ ಇತ್ತು. ಅದನ್ನು ಕೊನೆಗೆ ಡಾಲರ್ ನಾಣ್ಯವಾಗಿ ಹೊಡೆದರು, ಆ ಕೆಲಸ 1904ರ ತನಕ ನಡೆಯಿತು. ನಾಣ್ಯಗಳು ಮೂಟೆಯಲ್ಲೇ ಕೂತವು. 1918ರಲ್ಲಿ, ಮೊದಲ ಮಹಾಯುದ್ಧದ ಕೊನೆಯ ವರ್ಷ, ಇಂಡಿಯಾದಲ್ಲಿ ಜನ ನೋಟು ಹಿಡಿದು ಸರ್ಕಾರದ ಬಾಗಿಲಿಗೆ ಬಂದರು, ಬೆಳ್ಳಿ ರೂಪಾಯಿ ಕೊಡಿ ಅಂತ. ಸರ್ಕಾರದ ಹತ್ತಿರ ಬೆಳ್ಳಿ ಮುಗಿಯುತ್ತಾ ಬಂದಿತ್ತು. ಅಮೆರಿಕ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ, 27 ಕೋಟಿ ಬೆಳ್ಳಿ ಡಾಲರ್ ಕರಗಿಸಿ, ಬಹುತೇಕ ಅಷ್ಟನ್ನೂ ಬ್ರಿಟನ್ನಿಗೆ ಮಾರಿತು. ಅದರಲ್ಲಿ ಸುಮಾರು 20 ಕೋಟಿ ಔನ್ಸ್ ಹಡಗಿನಲ್ಲಿ ಇಲ್ಲಿಗೆ ಬಂದು, ಬೆಳ್ಳಿಗೆ ಬಾಗಿಲು ಮುಚ್ಚಿದ್ದ ಅದೇ ಬಾಂಬೆ, ಕಲ್ಕತ್ತಾ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು.

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ರೂಪಾಯಿ ಇದೆ, ದಸರಾದಲ್ಲಿ ಲಕ್ಷ್ಮಿ ಮುಂದೆ ಇಡುತ್ತೇವೆ. ಐದನೇ ಜಾರ್ಜ್ ರಾಜನ ತಲೆ, ಹಿಂದೆ 1918. ತರಗತಿಗೆ ಅದನ್ನು ತೆಗೆದುಕೊಂಡು ಹೋಗಿ ಕೈಯಿಂದ ಕೈಗೆ ದಾಟಿಸುತ್ತೇನೆ. ಹನ್ನೊಂದು ಗ್ರಾಂ ಚಿಲ್ಲರೆ ತೂಕ.